ಮೇಡಂ ಕೇಳಿದ್ದು ಒಂದೇ: ತೂಕ ಎಷ್ಟು?

ಪಿಎಚ್‌ಡಿಯ ಎರಡನೇ ವರ್ಷ. ನಾನು ಅಧ್ಯಯನ ಮಾಡುತ್ತಿದ್ದ ಪ್ರೋಟೀನ್ ಯಾವಾಗ ನೋಡಿದರೂ ಕೋಶದ ನ್ಯೂಕ್ಲಿಯಸ್ಸಿನ ಹೊರಗೇ ಇರುತ್ತಿತ್ತು. ಆದರೆ ಅದರ ಒಂದು ಕಡೆ ಲೈಸೀನ್ ಎಂಬ ಅಮೈನೋ ಆಮ್ಲಗಳು ಗುಂಪಾಗಿ ಕೂತಿದ್ದವು. 1984ರಲ್ಲಿ ಎಸ್‌ವಿ40 ವೈರಸ್ಸಿನ ಟಿ ಆಂಟಿಜೆನ್ ಎಂಬ ಪ್ರೋಟೀನಿನಲ್ಲಿ ಗುರುತಿಸಿದ, ನ್ಯೂಕ್ಲಿಯಸ್ಸಿನ ಒಳಗೆ ಕರೆದೊಯ್ಯುವ ಸಿಗ್ನಲ್ಲೂ ಇಂಥದ್ದೇ: ಏಳು ಅಮೈನೋ ಆಮ್ಲ, ಅದರಲ್ಲಿ ನಾಲ್ಕು ಲೈಸೀನ್, ಒಂದು ಅದೇ ಥರದ ಆರ್ಜಿನೀನ್. ಹಾಗಾದರೆ ಇದೂ ಒಳಗೆ ಹೋಗಬೇಕಲ್ವಾ?

ಆ ತುಂಡನ್ನಷ್ಟೇ ಹಸಿರಾಗಿ ಹೊಳೆಯುವ ಜಿಎಫ್‌ಪಿ ಎಂಬ ಪ್ರೋಟೀನಿಗೆ ಜೋಡಿಸಿ, ಲ್ಯಾಬಿನಲ್ಲಿ ಬೆಳೆಸುವ ಹೀಲಾ ಎಂಬ ಮಾನವ ಕೋಶಗಳಿಗೆ ಹಾಕಿದೆ. ಮರುದಿನ ನ್ಯೂಕ್ಲಿಯಸ್ ಹಸಿರೋ ಹಸಿರು. ಫೋಟೋ ಹಿಡಿದು ಗೈಡ್ ಹತ್ತಿರ ಓಡಿದೆ.

"ತೂಕ ಎಷ್ಟು?" ಅಂದರು ಮೇಡಂ.

ಅಲ್ಲಿಗೆ ಮುಗಿಯಿತು. ಜಿಎಫ್‌ಪಿ 27 ಕಿಲೋಡಾಲ್ಟನ್ (ಅಣುಗಳ ತೂಕದ ಅಳತೆ). ನನ್ನ ತುಂಡು ಸೇರಿದರೂ 30 ದಾಟುವುದಿಲ್ಲ. ಸುಮಾರು 40ರ ಒಳಗಿನವು ನ್ಯೂಕ್ಲಿಯಸ್ಸಿನ ರಂಧ್ರದಲ್ಲಿ ಯಾರನ್ನೂ ಕೇಳದೆ ನುಸುಳುತ್ತವೆ. ಟೋಲ್‌ನಲ್ಲಿ ಬೈಕು ಪಕ್ಕದಿಂದ ಸುಮ್ನೆ ಹೋಗಿಬಿಡುತ್ತದಲ್ಲ, ಹಾಗೆ. ಬರೀ ಜಿಎಫ್‌ಪಿ ಹಾಕಿ ನೋಡಿದೆ. ಅದೂ ಒಳಗೆ! ಈ ಕಂಟ್ರೋಲನ್ನು, ಅಂದರೆ ಹೋಲಿಕೆಯ ಪ್ರಯೋಗವನ್ನು, ಮೊದಲೇ ಮಾಡಬೇಕಿತ್ತು.

ಬೈಕನ್ನು ಲಾರಿ ಮಾಡಬೇಕಾಯಿತು. ಮೂರು ಜಿಎಫ್‌ಪಿಗಳನ್ನು ಸಾಲಾಗಿ ಕಟ್ಟಿದೆ, ಸುಮಾರು 80 ಕಿಲೋಡಾಲ್ಟನ್. ಇದಕ್ಕೇ ಎರಡು ತಿಂಗಳು ಹೋಯಿತು. ಒಂದೇ ಜೀನ್ ಮೂರು ಸಲ ಬಂದರೆ ಡಿಎನ್‌ಎ ನಕಲು ಮಾಡುವ ಪಿಸಿಆರ್‌ನಲ್ಲಿ ಪ್ರೈಮರ್ (ನಕಲು ಶುರುವಾಗುವ ಜಾಗಕ್ಕೆ ಅಂಟುವ ಚಿಕ್ಕ ಡಿಎನ್‌ಎ ಎಳೆ) ಎಲ್ಲೆಲ್ಲೋ ಅಂಟುತ್ತದೆ, ಜೆಲ್ ಮೇಲೆ ಬೇಡದ ಬ್ಯಾಂಡ್‌ಗಳೇ ಜಾಸ್ತಿ. ಕೊನೆಗೆ ಬರೀ ಲಾರಿ ಹೊರಗೇ ನಿಂತಿತು, ನನ್ನ ತುಂಡು ಕಟ್ಟಿದ್ದು ಒಳಗೆ ಹೋಯಿತು. ತುಂಡೇ ಫಾಸ್ಟ್ಯಾಗ್.

ಹಾಗಿದ್ದರೆ ಪೂರ್ತಿ ಪ್ರೋಟೀನ್ ಹೊರಗೆ ಯಾಕೆ ಕಾಣುತ್ತದೆ? ಒಳಗೆ ಹೋದದ್ದನ್ನು ಯಾರೋ ಕೂಡಲೇ ಹೊರಗೆ ಸಾಗಿಸುತ್ತಿರಬೇಕು. ಆ ಕೆಲಸದ ಮುಖ್ಯ ಪ್ರೋಟೀನ್ ಸಿಆರ್‌ಎಂ1. ಲೆಪ್ಟೊಮೈಸಿನ್ ಬಿ ಎಂಬ ಔಷಧಿ ಅದರ ಒಂದು ಸಿಸ್ಟೀನ್‌ಗೆ (ಇದೂ ಒಂದು ಅಮೈನೋ ಆಮ್ಲ) ಅಂಟಿಕೊಂಡು ಅದರ ಕೈ ಕಟ್ಟಿಹಾಕುತ್ತದೆ. 20 ನ್ಯಾನೋಮೋಲಾರ್ ಹಾಕಿದೆ. ಪಕ್ಕದ ತಟ್ಟೆಗೆ ಅಷ್ಟೇ ಎಥನಾಲ್, ಏಕೆಂದರೆ ಔಷಧಿ ಕರಗಿಸಿದ್ದು ಅದರಲ್ಲೇ. ಈ ಸಲ ಕಂಟ್ರೋಲ್ ಮರೆಯಲಿಲ್ಲ. ಒಂದು ಗಂಟೆ ಬಿಟ್ಟು ನೋಡಿದರೆ ಔಷಧಿ ಹಾಕಿದ ಕಡೆ ಪ್ರೋಟೀನ್ ನ್ಯೂಕ್ಲಿಯಸ್ಸಿನಲ್ಲಿ ತುಂಬಿಕೊಂಡಿತ್ತು. ಇಷ್ಟು ದಿನ ಹೊರಗೆ ಸುಮ್ಮನೆ ಕೂತಿದೆ ಅಂದುಕೊಂಡಿದ್ದು ಪೂರ್ತಿ ಓಡಾಟದಲ್ಲೇ ಇತ್ತು! ಲೈಸೀನ್‌ಗಳನ್ನು ಬದಲಿಸಿದ ಪ್ರೋಟೀನ್ ಮಾತ್ರ ಲೆಪ್ಟೊಮೈಸಿನ್ ಹಾಕಿದರೂ ಹೊರಗೇ ಉಳಿಯಿತು.

ಫೋಟೋ ತೆಗೆದುಕೊಂಡು ಹೋದೆ. ಮೇಡಂ ಈ ಸಲ, "ಎಷ್ಟು ಕೋಶ ಎಣಿಸಿದೆ?" ಅಂದರು. ಯಾವುದು ಯಾವುದೆಂದು ನನಗೆ ಗೊತ್ತಾಗದಂತೆ ಸ್ಲೈಡ್‌ಗಳ ಹೆಸರಿಗೆ ಗೆಳೆಯನ ಕೈಲಿ ಟೇಪ್ ಅಂಟಿಸಿಕೊಂಡು ಮತ್ತೆ ಮೈಕ್ರೋಸ್ಕೋಪಿನ ಮುಂದೆ ಕೂತೆ.