ಆಕ್ಸಿಜನ್ ಸೆನ್ಸರ್ ಬದಲಿಸುವಾಗ ಬಣ್ಣಕ್ಕೆ ಬಣ್ಣ ಜೋಡಿಸಬೇಡಿ

ಪರಿಚಯದವರೊಬ್ಬರು ಕಾರಿಗೆ ಹೊಸ ಆಕ್ಸಿಜನ್ ಸೆನ್ಸರ್ (ಹೊಗೆ ಪೈಪಿನಲ್ಲಿ ಕೂತು ಆಮ್ಲಜನಕ ಅಳೆಯುವ ಭಾಗ) ಹಾಕಿಸಿ ಮೂರು ದಿನವಾಗಿತ್ತು, ಚೆಕ್ ಎಂಜಿನ್ ಲೈಟು ಮಾತ್ರ ಆರಿರಲಿಲ್ಲ. ಕಾರಿನ ಕೆಳಗೆ ಬಗ್ಗಿ ನೋಡಿದರೆ ಬಿಳಿ ವೈರಿಗೆ ಬಿಳಿ, ಕಪ್ಪಿಗೆ ಕಪ್ಪು ಸೇರಿಸಿ ಟೇಪು ಸುತ್ತಿದ್ದರು. ಕಪ್ಲರ್, ಅಂದರೆ ಕಾರಿನ ವೈರಿಂಗಿಗೆ ಸಿಕ್ಕಿಸುವ ಪ್ಲಗ್ಗು, ಹಳೆಯ ಡೆನ್ಸೊ ಕಂಪನಿಯ ಸೆನ್ಸರಿನದು, ಹೊಸ ಸೆನ್ಸರ್ ಬಾಷ್ ಕಂಪನಿಯದು. ಬಣ್ಣ ಒಂದೇ ಆದರೂ ಎರಡರಲ್ಲಿ ಆ ವೈರುಗಳ ಕೆಲಸವೇ ಬೇರೆ. ಹೊಸ ಸೆನ್ಸರ್ ಹಾಳಾಗಿತ್ತು. ಇದೇ ತಪ್ಪನ್ನು ನಾಲ್ಕೈದು ಕಾರುಗಳಲ್ಲಿ ನೋಡಿದ ಮೇಲೆ ಇಷ್ಟನ್ನು ಬರೆದಿಡಬೇಕೆನಿಸಿತು.

ಮೊದಲು, ಕೆಟ್ಟಿರುವುದು ಸೆನ್ಸರೇ ಹೌದೇ ನೋಡಿ. ದೋಷದ ಕೋಡ್ ಓದುವ ಸ್ಕ್ಯಾನರ್ ಹಾಕಿದಾಗ ಪಿ0135 ಎಂದು ಬಂದರೆ ಮುಂದಿನ ಸೆನ್ಸರಿನ (ಹೊಗೆ ಶುದ್ಧಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗಿಂತ ಮೊದಲಿರುವುದು), ಅದನ್ನು ಬಿಸಿ ಮಾಡುವ ಹೀಟರ್ ಸರ್ಕ್ಯೂಟಿನಲ್ಲಿ ದೋಷ. ಪಿ0141 ಆದರೆ ಹಿಂದಿನದರಲ್ಲಿ, ಅಂದರೆ ಕನ್ವರ್ಟರ್ ದಾಟಿದ ಮೇಲಿರುವುದರಲ್ಲಿ. ಎರಡಕ್ಕೂ ಮೊದಲು ಫ್ಯೂಸ್ ನೋಡಿ. ಪಿ0420 ಬಂದ ಕೂಡಲೇ ಹಿಂದಿನ ಸೆನ್ಸರ್ ಬದಲಿಸುವವರು ತುಂಬ ಜನ. ಅದು ಕ್ಯಾಟಲಿಟಿಕ್ ಕನ್ವರ್ಟರ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎನ್ನುವ ಸೂಚನೆ, ಸೆನ್ಸರ್ ಬದಲಿಸಿದರೆ ಹೋಗುವುದು ಅಪರೂಪ. ಎಂಜಿನ್ನಿಂದ ಹೊಗೆ ಹೊರಬರುವ ಮ್ಯಾನಿಫೋಲ್ಡಿನಲ್ಲಿ ಬಿರುಕಿದ್ದರೂ ಹೊರಗಿನ ಗಾಳಿ ಒಳಸೇರಿ, ಒಳ್ಳೆಯ ಸೆನ್ಸರೇ ತಪ್ಪು ಲೆಕ್ಕ ಕೊಡುತ್ತದೆ.

ಖರೀದಿಯಲ್ಲಿ ನನ್ನ ಸಲಹೆ ಒಂದೇ: ನಿಮ್ಮ ಕಾರಿನ ಕಪ್ಲರ್ ಸಮೇತ ಬರುವ ಸೆನ್ಸರ್ ಸಿಕ್ಕರೆ, ಸ್ವಲ್ಪ ದುಬಾರಿಯಾದರೂ ಅದನ್ನೇ ಕೊಳ್ಳಿ. ಬಾಷ್, ಡೆನ್ಸೊ, ಎನ್‌ಟಿಕೆ ಮೂರೂ ಚೆನ್ನಾಗಿವೆ. ಪೆಟ್ಟಿಗೆ, ಪಾರ್ಟ್ ನಂಬರ್ ಇಲ್ಲದೆ ಪ್ಲಾಸ್ಟಿಕ್ ಕವರಿನಲ್ಲಿ ಕೊಡುವ ಸೆನ್ಸರನ್ನು ಎಷ್ಟೇ ಅಗ್ಗವಾದರೂ ಮುಟ್ಟಬೇಡಿ. ಹಳೆಯದಕ್ಕೆ ಐದು ವೈರಿದ್ದರೆ ಅದು ವೈಡ್‌ಬ್ಯಾಂಡ್ ಜಾತಿಯದು, ಅದರ ಜಾಗಕ್ಕೆ ನಾಲ್ಕು ವೈರಿನದು ಆಗುವುದಿಲ್ಲ.

ಬಿಚ್ಚಲು 22 ಎಂಎಂ ಸಾಕೆಟ್ ಬೇಕು, ವೈರು ಹಾಯಲು ಪಕ್ಕದಲ್ಲಿ ಸೀಳಿರುವಂಥದ್ದು. ಬರಿಯ ಪಾನಾದಲ್ಲಿ ಎಳೆದರೆ ಮೂಲೆಗಳು ಸವೆದು ಹಿಡಿತವೇ ಸಿಗುವುದಿಲ್ಲ. ಹಿಂದಿನ ರಾತ್ರಿ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ. ಬೆಳಿಗ್ಗೆ ಎರಡು ಮೂರು ನಿಮಿಷ ಎಂಜಿನ್ ಓಡಿಸಿ, ನಿಲ್ಲಿಸಿ, ಪೈಪು ಬೆಚ್ಚಗಿರುವಾಗ ಬಿಚ್ಚಿ. ಗ್ಲೌಸ್ ಕಡ್ಡಾಯ. ಕಾರಿನ ಅಡಿ ಹೋಗುವುದಾದರೆ ಜ್ಯಾಕನ್ನೇ ನಂಬದೆ ಸ್ಟ್ಯಾಂಡ್ ಇಡಿ. ಕಾಲು ಸುತ್ತು ಬಂದು ಬಿಗಿಯಾದರೆ ಜೋರು ಮಾಡಬೇಡಿ. ವಾಪಸ್ ತಿರುಗಿಸಿ, ಎಣ್ಣೆ ಬಿಟ್ಟು, ಮತ್ತೆ ಬಿಚ್ಚಿ. ಒಂದೇ ಎಳೆತಕ್ಕೆ ಬಿಚ್ಚಲು ಹೋದರೆ ಪೈಪಿನ ಥ್ರೆಡ್ಡೂ ಕಿತ್ತು ಬರುತ್ತದೆ. ಥ್ರೆಡ್ ಗಲೀಜಾಗಿದ್ದರೆ 18 ಎಂಎಂ, 1.5 ಪಿಚ್‌ನ ಟ್ಯಾಪ್ (ಥ್ರೆಡ್ ಕೊರೆಯುವ ಉಪಕರಣ) ಹಾಯಿಸಿ ಶುಚಿ ಮಾಡಿ.

ಕಪ್ಲರ್ ಇಲ್ಲದ ಯೂನಿವರ್ಸಲ್ ಸೆನ್ಸರ್ ತಂದಿದ್ದರೆ ಇನ್ನು ಮುಂದೆ ನಿಧಾನ. ನಾಲ್ಕು ವೈರಿನಲ್ಲಿ ಎರಡು ಹೀಟರಿಗೆ, ಒಂದು ಸಿಗ್ನಲ್, ಒಂದು ಸಿಗ್ನಲ್ ಅರ್ಥ್. ಬಾಷ್ ಮತ್ತು ಎನ್‌ಟಿಕೆಯಲ್ಲಿ ಸಾಮಾನ್ಯವಾಗಿ ಎರಡು ಬಿಳಿ ಹೀಟರ್, ಕಪ್ಪು ಸಿಗ್ನಲ್, ಬೂದು ಅರ್ಥ್. ಡೆನ್ಸೊದಲ್ಲಿ ಎರಡು ಕಪ್ಪು ಹೀಟರ್, ನೀಲಿ ಸಿಗ್ನಲ್, ಬಿಳಿ ಅರ್ಥ್. ಕಪ್ಪಿಗೆ ಕಪ್ಪು ಸೇರಿಸಿದವರು ಬ್ಯಾಟರಿಯ 12 ವೋಲ್ಟನ್ನು, ಒಂದು ವೋಲ್ಟನ್ನೂ ದಾಟದ ಸಿಗ್ನಲ್ ವೈರಿಗೆ ಬಿಟ್ಟಂತಾಯಿತು. ಒಂದೇ ಬಣ್ಣದ ಜೋಡಿಯೇ ಹೀಟರ್ ಎಂದು ಹಿಡಿದು, ತಣ್ಣಗಿರುವ ಹೊಸ ಸೆನ್ಸರಿನಲ್ಲಿ ಮಲ್ಟಿಮೀಟರ್ ಇಟ್ಟು ನೋಡಿ, ಕೆಲವೇ ಓಮ್ ತೋರಿಸಬೇಕು. ಹೀಟರಿನ ಎರಡು ವೈರು ಅದಲುಬದಲಾದರೆ ಚಿಂತೆಯಿಲ್ಲ. ಸಿಗ್ನಲ್, ಅರ್ಥ್ ಮಾತ್ರ ಅದಲುಬದಲಾಗಬಾರದು. ಕತ್ತರಿಸುವ ಮುಂಚೆ ಫೋಟೊ ತೆಗೆದು, ಯಾವುದಕ್ಕೆ ಯಾವುದು ಎಂದು ಕಾಗದದಲ್ಲಿ ಬರೆದುಕೊಳ್ಳಿ. ಕತ್ತರಿಸುವುದು ಹಳೆಯ ಸೆನ್ಸರಿನ ವೈರನ್ನು, ಕಾರಿನ ಕಡೆಯ ವೈರನ್ನಲ್ಲ. ನಾಲ್ಕನ್ನೂ ಒಂದೇ ಅಳತೆಗೆ ಕತ್ತರಿಸದೆ ಹೆಚ್ಚುಕಡಿಮೆ ಮಾಡಿದರೆ ಜೋಡಣೆಗಳು ಒಂದೇ ಕಡೆ ಗಂಟಾಗುವುದಿಲ್ಲ. ಒಟ್ಟು ಉದ್ದ ಹಳೆಯದರಷ್ಟೇ ಇರಲಿ.

ಬೆಸುಗೆ ಹಾಕಲೇಬೇಡಿ. ಎಲೆಕ್ಟ್ರಿಷಿಯನ್ ಗೆಳೆಯರು ಬೆಸುಗೆಯೇ ಗಟ್ಟಿ ಎನ್ನುತ್ತಾರೆ, ಉಳಿದ ವೈರಿಂಗಿಗೆ ಆ ಮಾತು ಸರಿಯಿರಬಹುದು. ಈ ಸೆನ್ಸರ್ ಹೊಗೆಯಲ್ಲಿರುವ ಆಮ್ಲಜನಕವನ್ನು ಹೊರಗಿನ ಗಾಳಿಯ ಆಮ್ಲಜನಕಕ್ಕೆ ಹೋಲಿಸಿ ಅಳೆಯುತ್ತದೆ. ಎಷ್ಟೋ ಮಾದರಿಗಳಲ್ಲಿ ಆ ಹೊರಗಿನ ಗಾಳಿ ಒಳಗೆ ಹೋಗುವುದು ವೈರಿನ ಎಳೆಗಳ ಸಂದಿಯಿಂದ. ಸೀಸ ಕರಗಿ ಸಂದಿ ತುಂಬಿದರೆ ಆ ದಾರಿ ಮುಚ್ಚಿತು. ಪೆಟ್ಟಿಗೆಯಲ್ಲೇ ಕೊಡುವ ಕ್ರಿಂಪ್ ಕನೆಕ್ಟರನ್ನು ಸರಿಯಾದ ಇಕ್ಕಳದಿಂದ ಒತ್ತಿ, ಎಳೆದು ನೋಡಿ, ಜೊತೆಗೆ ಬಂದ ಸ್ಲೀವ್ ಏರಿಸಿ. ಕಪ್ಲರ್ ಒಳಗೆ ಗ್ರೀಸ್, ಕ್ಲೀನರ್ ಸ್ಪ್ರೇ ಎರಡೂ ಬೇಡ.

ಕೂರಿಸುವುದು ಸುಲಭ. ಹೊಸ ಸೆನ್ಸರಿನ ಥ್ರೆಡ್ಡಿಗೆ ಪೇಸ್ಟ್ ಹಚ್ಚಿಯೇ ಬಂದಿದ್ದರೆ ಮೇಲೆ ಮತ್ತೇನೂ ಬೇಡ, ತುದಿಗಂತೂ ಏನೂ ತಾಗಬಾರದು. ಕೈಯಲ್ಲೇ ಪೂರ್ತಿ ತಿರುಗಿಸಿ, ಆಮೇಲೆ ಮ್ಯಾನ್ಯುಯಲ್ ಹೇಳಿದಷ್ಟು ಬಿಗಿ ಮಾಡಿ. ಸಾಮಾನ್ಯವಾಗಿ 40 ನ್ಯೂಟನ್ ಮೀಟರ್ ಆಸುಪಾಸು. ವೈರನ್ನು ಹಳೆಯ ಕ್ಲಿಪ್ಪಿಗೇ ಸಿಕ್ಕಿಸಿ, ಬಿಸಿ ಪೈಪಿಗೆ ತಾಗದಿರಲಿ. ಹತ್ತಿರದಲ್ಲಿ ಎಲ್ಲೂ ಸಾಮಾನ್ಯ ಸಿಲಿಕೋನ್ ಗ್ಯಾಸ್ಕೆಟ್ ಬಳಿಯಬೇಡಿ, ಅದರ ಆವಿ ಸೆನ್ಸರಿನ ತುದಿಗೆ ಪದರ ಕಟ್ಟುತ್ತದೆ.

ಕೋಡ್ ಅಳಿಸಿ, ಎಂಜಿನ್ ಬಿಸಿಯಾದ ಮೇಲೆ ಸ್ಕ್ಯಾನರಿನಲ್ಲಿ ಲೈವ್ ಡೇಟಾ ನೋಡಿ. ನಾಲ್ಕು ವೈರಿನ ಮುಂದಿನ ಸೆನ್ಸರ್ ಸಾಮಾನ್ಯವಾಗಿ 0.1ರಿಂದ 0.9 ವೋಲ್ಟ್ ನಡುವೆ ಬಿಡದೆ ಏರಿಳಿಯುತ್ತಿರಬೇಕು, ಹಿಂದಿನದು ಹೆಚ್ಚುಕಡಿಮೆ ಒಂದೇ ಕಡೆ ನಿಂತಿರಬೇಕು. ಮುಂದಿನದು ಒಂದೇ ಅಂಕಿಯಲ್ಲಿ ಅಲುಗಾಡದೆ ನಿಂತಿದ್ದರೆ ಅಂಗಡಿಗೆ ಹೋಗಿ ಜಗಳವಾಡುವ ಮೊದಲು ಬರೆದಿಟ್ಟ ಕಾಗದ ತೆಗೆದು, ಸಿಗ್ನಲ್ ಮತ್ತು ಅರ್ಥ್ ಜೋಡಣೆ ಇನ್ನೊಮ್ಮೆ ತಾಳೆ ನೋಡಿ.