ಮನೆಯ ಕಿಟಕಿಗಳೆಲ್ಲ ಒಂದೇ ಮನೆಯವು ಅನ್ನಿಸಬೇಕಾದರೆ

ಕರ್ಟನ್ ಅಂಗಡಿಗೆ ಹೋಗುವ ಮುಂಚೆ ಒಂದು ಕೆಲಸ ಮಾಡಿ. ಒಳಗಿನ ಬಾಗಿಲುಗಳನ್ನೆಲ್ಲ ತೆರೆದಿಟ್ಟು ಹಾಲ್‌ನ ಸೋಫಾ ಮೇಲೆ ಕೂತ್ಕೊಳ್ಳಿ. ಕೂತಲ್ಲಿಂದಲೇ ಎಷ್ಟು ಕಿಟಕಿ ಕಾಣುತ್ತವೆ ನೋಡಿ. 30x40 ಸೈಟಿನ ಮನೆಯಾದರೆ ಹಾಲ್‌ನವು ಎರಡು, ಬಾಗಿಲ ಸಂದಿಯಿಂದ ಬೆಡ್‌ರೂಮಿನದು ಒಂದು, ಊಟದ ಮೇಜಿನ ಆಚೆ ಅಡುಗೆಮನೆಯದು ಒಂದು, ಹೀಗೆ ಮೂರು ನಾಲ್ಕಂತೂ ಒಟ್ಟಿಗೇ ಕಣ್ಣಿಗೆ ಬೀಳುತ್ತವೆ. ಹೊಂದಾಣಿಕೆ ಬೇಕಿರುವುದು ಮೊದಲು ಇವುಗಳ ನಡುವೆ. ಹಿಂದಿನ ರೂಮಿನ ಕಿಟಕಿಯ ಬಗ್ಗೆ ಆಮೇಲೆ ಯೋಚಿಸಿದರೂ ನಡೆಯುತ್ತದೆ.

ನಮ್ಮಲ್ಲಿ ಏನಾಗುತ್ತದೆ ಅಂದರೆ, ಗೃಹಪ್ರವೇಶಕ್ಕೆ ಹಾಲ್‌ಗೆ ಒಂದು ಜೊತೆ, ಮುಂದಿನ ದೀಪಾವಳಿಗೆ ಬೆಡ್‌ರೂಮಿಗೆ ಇನ್ನೊಂದು, ಆಮೇಲೆ ಯಾರೋ ಉಡುಗೊರೆ ಕೊಟ್ಟಿದ್ದು ಮಕ್ಕಳ ರೂಮಿಗೆ, ಹೀಗೆ ಒಂದೊಂದೇ ಬಂದು ಸೇರುತ್ತವೆ. ಬಿಡಿಬಿಡಿಯಾಗಿ ನೋಡಿದರೆ ಎಲ್ಲವೂ ಚೆನ್ನಾಗಿಯೇ ಇರುತ್ತವೆ, ಒಟ್ಟಿಗೆ ನೋಡಿದರೆ ಒಂದಕ್ಕೊಂದು ಸಂಬಂಧವೇ ಇರುವುದಿಲ್ಲ. ಹಾಗಂತ ಎಲ್ಲ ಕಡೆ ಒಂದೇ ಬಟ್ಟೆ ಹಾಕಿಬಿಟ್ಟರೆ ಲಾಡ್ಜ್ ಥರ ಕಾಣುತ್ತದೆ, ಅದೂ ನನಗೆ ಇಷ್ಟವಿಲ್ಲ. ನಾನು ಹೇಳುವುದು ಇಷ್ಟೇ: ರಾಡ್‌ನ ಎತ್ತರ, ರಾಡ್ ಮತ್ತು ಕರ್ಟನ್ ತಲೆಯ (ರಾಡ್‌ಗೆ ಸಿಕ್ಕಿಸುವ ಮೇಲಿನ ಭಾಗದ) ಮಾದರಿ, ತಳದ ಬಣ್ಣ ಅಂದರೆ ಬಟ್ಟೆಯ ಮುಖ್ಯ ಬಣ್ಣ, ಈ ಮೂರನ್ನು ಮಾತ್ರ ಇಡೀ ಮನೆಗೆ ಒಂದೇ ಇಡಿ. ಉಳಿದದ್ದನ್ನು ರೂಮಿಗೆ ತಕ್ಕಂತೆ ಬದಲಾಯಿಸಿ.

ಎತ್ತರದಿಂದಲೇ ಶುರು ಮಾಡೋಣ, ಯಾಕಂದರೆ ಜನ ಇದನ್ನು ಗಮನಿಸುವುದೇ ಕಡಿಮೆ. ನಮ್ಮ ಕಡೆ ಮನೆ ಕಟ್ಟುವಾಗ ಬಾಗಿಲು ಕಿಟಕಿಗಳ ಮೇಲಿನ ಅಡ್ಡ ತೊಲೆ, ಅಂದರೆ ಲಿಂಟೆಲ್ ಅನ್ನು ಸಾಮಾನ್ಯವಾಗಿ ನೆಲದಿಂದ 7 ಅಡಿಗೆ ಇಡುತ್ತಾರೆ. ಅಂದರೆ ಕಿಟಕಿ ಚಿಕ್ಕದಿರಲಿ ದೊಡ್ಡದಿರಲಿ, ಅದರ ತಲೆ ಬಾಗಿಲ ತಲೆಗೆ ಸಮ. ಮೇಸ್ತ್ರಿ ಆಗಲೇ ಒಂದು ಗೆರೆ ಎಳೆದುಕೊಟ್ಟಿದ್ದಾನೆ, ಅದನ್ನು ನಾವು ಕೆಡಿಸಬಾರದು. ಎಲ್ಲ ರೂಮಿನಲ್ಲೂ ನೆಲದಿಂದ ಏಳೂವರೆ ಅಡಿಗೆ ಪೆನ್ಸಿಲ್ ಗುರುತು ಹಾಕಿ, ರಾಡ್ ಅಲ್ಲೇ ಬರಲಿ. ಹಾಲ್‌ನಲ್ಲಿ ಫ್ರೇಮಿಗೆ ಅಂಟಿದ ಹಾಗೆ ಒಂದು ರಾಡ್, ಬೆಡ್‌ರೂಮಿನಲ್ಲಿ ಒಂದಡಿ ಮೇಲೆ ಇನ್ನೊಂದು ಇದ್ದರೆ ಎಷ್ಟು ದುಬಾರಿ ಬಟ್ಟೆ ಹಾಕಿದರೂ ಮನೆ ಕೂಡಿಬರುವುದಿಲ್ಲ.

ತೂತು ಕೊರೆಯುವಾಗ ಒಂದು ವಿಷಯ ನೆನಪಿರಲಿ. ಕಿಟಕಿಯ ಮೇಲಿನ ಸುಮಾರು 6 ಇಂಚು ಕಾಂಕ್ರೀಟ್ ಲಿಂಟೆಲ್, ಇಟ್ಟಿಗೆ ಅಲ್ಲ. ಸಾದಾ ಡ್ರಿಲ್ ಅಲ್ಲಿ ಒಳಗೇ ಹೋಗುವುದಿಲ್ಲ, ಮೇಲಿನ ಗಾರೆ ಮಾತ್ರ ಉದುರುತ್ತದೆ. ಹ್ಯಾಮರ್ ಡ್ರಿಲ್ ಇರುವವರನ್ನೇ ಕರೆಸಿ, ಎಲ್ಲ ರೂಮಿನ ಬ್ರಾಕೆಟ್‌ಗಳನ್ನೂ ಒಂದೇ ದಿನ ಹಾಕಿಸಿಬಿಡಿ. 5 ಅಡಿಗಿಂತ ಉದ್ದದ ರಾಡ್‌ಗೆ ನಡುವೆ ಇನ್ನೊಂದು ಬ್ರಾಕೆಟ್ ಬೇಕು, ಇಲ್ಲದಿದ್ದರೆ ಸ್ವಲ್ಪ ದಿನದಲ್ಲೇ ಜಗ್ಗುತ್ತದೆ. ರಾಡ್ ಕಿಟಕಿಯ ಎರಡೂ ಪಕ್ಕ 8 ಇಂಚಿನಷ್ಟು ಆಚೆ ಬರಬೇಕು, ಆಗ ಕರ್ಟನ್ ಸರಿಸಿದಾಗ ಬಟ್ಟೆ ಗೋಡೆಯ ಮೇಲೆ ನಿಲ್ಲುತ್ತದೆ, ಗಾಜು ಪೂರ್ತಿ ತೆರೆದುಕೊಳ್ಳುತ್ತದೆ. ಅಳತೆ ತೆಗೆಯುವ ಮುಂಚೆ ಸೊಳ್ಳೆ ಮೆಶ್‌ನ ಬಾಗಿಲು ಒಳಕ್ಕೆ ತೆರೆಯುತ್ತದಾ ನೋಡಿಕೊಳ್ಳಿ. ತೆರೆಯುವುದಾದರೆ ರಾಡ್ ಗೋಡೆಯಿಂದ ಇನ್ನಷ್ಟು ಮುಂದೆ ಬರುವಂಥ ಬ್ರಾಕೆಟ್ ಕೇಳಿ. ಕಿಟಕಿ ಪಕ್ಕದಲ್ಲೇ ವಾರ್ಡ್‌ರೋಬ್ ಇದ್ದು ಒಂದು ಕಡೆ ಜಾಗವೇ ಇಲ್ಲದಿದ್ದರೆ ಎರಡು ತುಂಡಿನ ಹಟ ಬಿಡಿ. ಒಂದೇ ತುಂಡು ಮಾಡಿಸಿ ಖಾಲಿ ಇರುವ ಕಡೆಗೆ ಸರಿಸಿ, ಇಲ್ಲಾ ಅದೇ ಬಟ್ಟೆಯಲ್ಲಿ, ಮಡಿಕೆ ಮಡಿಕೆಯಾಗಿ ಮೇಲಕ್ಕೆ ಎತ್ತುವ ರೋಮನ್ ಬ್ಲೈಂಡ್ ಹೊಲಿಸಿ.

ಉದ್ದದ ಲೆಕ್ಕದಲ್ಲಿ ರೆಡಿಮೇಡ್ ಕರ್ಟನ್ ಕೈಕೊಡುತ್ತದೆ. ಅಂಗಡಿಯಲ್ಲಿ ಸಿಗುವುದು 5, 7, 9 ಅಡಿ. ಏಳೂವರೆ ಅಡಿಗೆ ರಾಡ್ ಹಾಕಿ 7 ಅಡಿಯ ಕರ್ಟನ್ ತಂದರೆ ಅದು ನೆಲಕ್ಕಿಂತ ಅರ್ಧ ಅಡಿ ಮೇಲೇ ನಿಲ್ಲುತ್ತದೆ, ಗಿಡ್ಡವಾದ ಪ್ಯಾಂಟ್ ಹಾಕಿಕೊಂಡ ಹಾಗೆ. 9 ಅಡಿಯದನ್ನು ತಂದು ಕೆಳಗೆ ಕತ್ತರಿಸಿ ಮಡಿಕೆ ಹೊಲಿಸಿ. ಮಂಚ, ಓದುವ ಟೇಬಲ್ ಅಡ್ಡ ಬರುವ ಕಡೆ ಮಾತ್ರ ಕಿಟಕಿಯ ಕೆಳಗೆ 4 ಇಂಚಿಗೆ ನಿಲ್ಲಿಸಿ. ಒಂದೇ ರೂಮಿನಲ್ಲಿ ಒಂದು ಉದ್ದ, ಒಂದು ಗಿಡ್ಡ ಬೇಡ.

ಹೊಲಿಸುವುದಾದರೆ ಲೆಕ್ಕ ಹೀಗೆ. ಕಿಟಕಿ 5 ಅಡಿ ಅಗಲ ಅಂದುಕೊಳ್ಳಿ. ಪಕ್ಕದ 8 ಇಂಚುಗಳು ಸೇರಿ ರಾಡ್ 76 ಇಂಚು. ನೆರಿಗೆ ತುಂಬಿ ಕಾಣಬೇಕಾದರೆ ಬಟ್ಟೆ ಅದರ ಎರಡರಷ್ಟು ಬೇಕು, ಸುಮಾರು 152 ಇಂಚು. ಬಟ್ಟೆಯ ಅಗಲ 48 ಇಂಚಾದರೆ ಮೂರು ತುಂಡು ಜೋಡಿಸಿದಾಗ 144 ಆಗುತ್ತದೆ, ಅಷ್ಟು ಸಾಕು. ಎರಡೂ ಪಕ್ಕಕ್ಕೆ ಒಂದೂವರೆ ತುಂಡು ಬರುತ್ತದೆ. ಮೇಲಿನ ಪಟ್ಟಿ, ಕೆಳಗಿನ ಮಡಿಕೆ ಎಲ್ಲ ಸೇರಿ ಪ್ರತಿ ತುಂಡಿಗೆ 100 ಇಂಚು ಉದ್ದ ಬೇಕು, ಹತ್ತಿಯಾದರೆ ಕುಗ್ಗುವುದಕ್ಕೆ ಇನ್ನೊಂದು 5 ಇಂಚು. ಒಟ್ಟು ಎಂಟೂವರೆ ಮೀಟರ್ ತಂದರೆ ಧೈರ್ಯವಾಗಿರಬಹುದು. ದೊಡ್ಡ ಹೂವಿನ ಪ್ರಿಂಟ್ ಇದ್ದರೆ ಹೂವಿಗೆ ಹೂವು ಕೂಡಿಸಲು ಇನ್ನೂ ಜಾಸ್ತಿ ಹಿಡಿಯುತ್ತದೆ. ಮನೆಗೆ ಬೇಕಾದ ತಳದ ಬಟ್ಟೆಯನ್ನೆಲ್ಲ ಒಂದೇ ಸಲ, ಒಂದೇ ಲಾಟ್‌ನಲ್ಲಿ ತೆಗೆದುಕೊಳ್ಳಿ. ಆರು ತಿಂಗಳು ಬಿಟ್ಟು ಅದೇ ನಂಬರ್ ಕೇಳಿ ತಂದರೂ ಬಣ್ಣ ಒಂದು ಚೂರು ಬೇರೆ ಬರಬಹುದು, ಪಕ್ಕಪಕ್ಕ ತೂಗುಹಾಕಿದಾಗಲೇ ಅದು ಗೊತ್ತಾಗುವುದು.

ರಾಡ್ ತೂರಿಸಲು ಬಟ್ಟೆಗೇ ತೂತು ಮಾಡಿ ಕೂರಿಸುವ ರಿಂಗ್ ಹಾಕಿಸುವುದಾದರೆ ಪ್ರತಿ ಕರ್ಟನ್‌ಗೆ ಸರಿಸಂಖ್ಯೆಯಲ್ಲೇ ಇರಲಿ, 10 ಅಥವಾ 12. ಬೆಸ ಸಂಖ್ಯೆಯಾದರೆ ಒಂದು ಅಂಚು ಗೋಡೆ ಕಡೆಗೆ, ಇನ್ನೊಂದು ಅಂಚು ನಮ್ಮ ಕಡೆಗೆ ತಿರುಗಿ ನಿಲ್ಲುತ್ತದೆ. ರಿಂಗ್, ರಾಡ್, ಬ್ರಾಕೆಟ್ ಮೂರೂ ಒಂದೇ ಬಣ್ಣದ್ದಾಗಿರಲಿ, ಎಲ್ಲ ರೂಮಿಗೂ ಅದೇ. ಹಾಲ್‌ಗೆ ಹಿತ್ತಾಳೆ ಬಣ್ಣ, ಬೆಡ್‌ರೂಮಿಗೆ ಸ್ಟೀಲ್, ಇನ್ನೊಂದಕ್ಕೆ ಕಪ್ಪು ಹಾಕಿದರೆ ಅದೇ ಎದ್ದು ಕಾಣುತ್ತದೆ.

ಈಗ ಬಣ್ಣ. ತಳಕ್ಕೆ ಕೋರಾ ಹತ್ತಿಯ ಬಣ್ಣ, ಕೆನೆ ಬಣ್ಣ ಅಥವಾ ತಿಳಿ ಮಣ್ಣಿನ ಬಣ್ಣ ಆರಿಸಿ. ಗೋಡೆ ಯಾವುದಿದ್ದರೂ ಇವು ಜಗಳ ಆಡುವುದಿಲ್ಲ. ಬಟ್ಟೆಯ ತುಂಡನ್ನು ಮನೆಗೆ ತಂದು, ಬೆಳಗ್ಗೆ ಒಮ್ಮೆ ಸಂಜೆ 4 ಗಂಟೆಗೆ ಒಮ್ಮೆ, ಅದೇ ಕಿಟಕಿಗೆ ಅಡ್ಡ ಹಿಡಿದು ನೋಡಿ. ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಕೆನೆ ಬಣ್ಣ ಕಂಡದ್ದು ಬಿಸಿಲು ಒಳಗಿಂದ ಹಾದಾಗ ಹಳದಿಯಾಗಬಹುದು. ಕರ್ಟನ್ ನೋಡುವುದು ಜಾಸ್ತಿ ಹಾಗೇ ಅಲ್ವಾ, ಬೆಳಕು ಹಿಂದಿನಿಂದ ಬರುವಾಗ! ಒಳಗೆ ಯಾವ ಬಣ್ಣವೇ ಇರಲಿ, ಬೀದಿ ಕಡೆಯ ಕಿಟಕಿಗಳಿಗೆಲ್ಲ ಹಿಂದಿನ ಲೈನಿಂಗ್ ಮಾತ್ರ ಒಂದೇ ಬಿಳಿ ಬಣ್ಣದ್ದು ಹಾಕಿಸಿ. ರಸ್ತೆಯಲ್ಲಿ ನಿಂತು ನೋಡಿದರೆ ಮನೆಯ ಮುಖ ಒಂದೇ ಸಮ ಇರುತ್ತದೆ.

ಎಲ್ಲವನ್ನೂ ಕಟ್ಟಿಹಾಕುವುದಕ್ಕೆ ನನಗೆ ತುಂಬಾ ಇಷ್ಟವಾದ ಉಪಾಯ ಖಣದ ಪಟ್ಟಿ. ಗುಳೇದಗುಡ್ಡದ ಖಣ ರವಿಕೆಗೆಂದೇ ನೇಯುವ ಬಟ್ಟೆ, ಅಗಲ ಕಡಿಮೆ, ಇಡೀ ಕರ್ಟನ್‌ಗೆ ಆಗುವುದಿಲ್ಲ. ಆದರೆ 4 ಇಂಚಿನ ಪಟ್ಟಿಯಾಗಿ ಕತ್ತರಿಸಿದರೆ ಒಂದೆರಡು ಮೀಟರ್‌ನಲ್ಲೇ ಎಷ್ಟೋ ಕೆಲಸ ಆಗುತ್ತದೆ. ಹಾಲ್‌ನಲ್ಲಿ ಕರ್ಟನ್ ಕೆಳಗೆ ಅಡ್ಡ ಪಟ್ಟಿ, ಬೆಡ್‌ರೂಮಿನಲ್ಲಿ ಎರಡು ಕರ್ಟನ್ ಸೇರುವ ಅಂಚಿಗೆ ಉದ್ದ ಪಟ್ಟಿ, ಅಡುಗೆಮನೆಯ ಅರ್ಧ ಪರದೆಗೆ ಬೆರಳಗಲದ್ದು, ದೇವರ ಮನೆಗೆ ಮೇಲಿನ ಝಾಲರಿ ಪೂರ್ತಿ ಖಣವೇ. ಬಟ್ಟೆ ಬೇರೆ ಬೇರೆ ದಪ್ಪದ್ದಾದರೂ ಕಣ್ಣು ಆ ಪಟ್ಟಿಯನ್ನೇ ಹಿಡಿದು ರೂಮಿನಿಂದ ರೂಮಿಗೆ ಹೋಗುತ್ತದೆ. ಅಜ್ಜಿಯ ಇಳಕಲ್ ಸೀರೆ ಮೈಯೆಲ್ಲ ಜೀರ್ಣವಾಗಿ ಅಂಚು ಗಟ್ಟಿ ಉಳಿದಿದ್ದರೆ ಅದರ ಗೋಮಿ ಅಂಚನ್ನೋ ಚಿಕ್ಕಿ ಅಂಚನ್ನೋ ಬಿಚ್ಚಿ ಹೀಗೇ ಹಚ್ಚಬಹುದು. ಪೆಟ್ಟಿಗೆಯಲ್ಲಿ ಮಡಿಕೆ ಹರಿದು ಹಾಳಾಗುವುದಕ್ಕಿಂತ ದಿನಾ ಕಣ್ಣ ಮುಂದೆ ಇರುವುದು ಎಷ್ಟೋ ಮೇಲು. ಪಟ್ಟಿಯನ್ನು ಹಚ್ಚುವ ಮುಂಚೆ ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿ ನೋಡಿ. ಕೆಂಪು ಬಿಟ್ಟರೆ ಬಣ್ಣ ನಿಲ್ಲುವ ತನಕ ಬೇರೆಯೇ ಒಗೆಯಿರಿ, ಇಲ್ಲದಿದ್ದರೆ ಮೊದಲ ಒಗೆತಕ್ಕೇ ಕೆನೆ ಬಟ್ಟೆ ಗುಲಾಬಿಯಾಗುತ್ತದೆ. ತಳದ ಬಟ್ಟೆಯನ್ನೂ ನೀರಿಗೆ ಹಾಕಿ ಒಣಗಿಸಿಯೇ ಹೊಲಿಸಿ. ಒಂದು ಕುಗ್ಗಿ ಇನ್ನೊಂದು ಕುಗ್ಗದಿದ್ದರೆ ಹೊಲಿಗೆ ಸುಕ್ಕುಗಟ್ಟುತ್ತದೆ.

ರೇಷ್ಮೆ ಅಂಶ ಇರುವ ಪಟ್ಟಿಗೆ ನೇರ ಬಿಸಿಲು ಆಗಿಬರುವುದಿಲ್ಲ. ಪಶ್ಚಿಮದ ಕಿಟಕಿಗೆ ಲೈನಿಂಗ್ ಹಾಕದೆ ಅಂಥದ್ದನ್ನು ಹಚ್ಚಬೇಡಿ. ಉತ್ತರದ ಕಿಟಕಿಗೆ ಬಿಸಿಲೇ ಇಲ್ಲ ಅಂತ ಹೇಳುವವರಿದ್ದಾರೆ, ನಂಬಬೇಡಿ. ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಆದ್ದರಿಂದ ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನ ತನಕ ಸೂರ್ಯ ನಮ್ಮ ಉತ್ತರಕ್ಕೇ ಇರುತ್ತಾನೆ. ನಡುಹಗಲು ಸಜ್ಜಾ ತಡೆಯುತ್ತದೆ, ಬೆಳಗ್ಗೆ ಸಂಜೆಯ ಓರೆ ಬಿಸಿಲನ್ನು ತಡೆಯುವುದಿಲ್ಲ. ಕಲಬುರಗಿ, ರಾಯಚೂರಿನ ಬೇಸಿಗೆಗಂತೂ ದಪ್ಪ ಲೈನಿಂಗ್ ಬೇಕೇ ಬೇಕು. ಮಂಗಳೂರು, ಉಡುಪಿಯವರು ಇದಕ್ಕೆ ತಿರುಗುಮುರುಗು. ಮಳೆಗಾಲದಲ್ಲಿ ಎರಡು ಪದರದ ಬಟ್ಟೆ ಒಣಗದೆ ವಾಸನೆ ಬರುತ್ತದೆ, ಬೂಸ್ಟು ಹಿಡಿಯುತ್ತದೆ. ಅಲ್ಲಿ ತೆಳು ಬಟ್ಟೆ, ಒಂದೇ ಪದರ, ತುಕ್ಕು ಹಿಡಿಯದ ಸ್ಟೇನ್‌ಲೆಸ್ ಸ್ಟೀಲ್ ರಾಡ್.

ತೆಳು ಪರದೆ ಒಂದನ್ನೇ ನಂಬಿ ಬೀದಿ ಕಡೆಯ ಬೆಡ್‌ರೂಮಿಗೆ ಹಾಕಬೇಡಿ. ಹಗಲು ಹೊರಗಿನವರಿಗೆ ಏನೂ ಕಾಣುವುದಿಲ್ಲ, ರಾತ್ರಿ ಒಳಗೆ ದೀಪ ಹಾಕಿದ ಮೇಲೆ ಎಲ್ಲ ಕಾಣುತ್ತದೆ. ಅಲ್ಲಿ ಎರಡು ರಾಡ್, ಹಿಂದೆ ತೆಳುವು, ಮುಂದೆ ದಪ್ಪನೆಯದು. ಒಲೆಯ ಹತ್ತಿರದ ಕಿಟಕಿಗೆ ಬಟ್ಟೆಯೇ ಬೇಡ. ಒಲೆಯಿಂದ ದೂರದ್ದಾದರೆ ಅರ್ಧ ಪರದೆ ಸಾಕು. ಬಚ್ಚಲುಮನೆಗೆ ಗಾಜಿನ ಮೇಲೆ ಫ್ರಾಸ್ಟೆಡ್ ಫಿಲ್ಮ್ ಅಂಟಿಸಿ ಬಿಟ್ಟುಬಿಡಿ. ಪುಟ್ಟ ಮಕ್ಕಳಿರುವ ಮನೆಯಲ್ಲಿ ಬ್ಲೈಂಡ್ಸ್‌ನ ದಾರ ಕೆಳಗೆ ಜೋತಾಡಬಾರದು. ಕೊರಳಿಗೆ ಸುತ್ತಿಕೊಂಡರೆ ಜೀವಕ್ಕೇ ಅಪಾಯ. ದಾರವಿಲ್ಲದ್ದನ್ನೇ ಕೇಳಿ ತನ್ನಿ.

ಬಾಡಿಗೆ ಮನೆಯವರು ಕೊರೆಯುವ ಮುಂಚೆ ಮನೆ ಮಾಲೀಕರನ್ನು ಒಂದು ಮಾತು ಕೇಳಿ. ಲಿಂಟೆಲ್ ಸಾಮಾನ್ಯವಾಗಿ ಎಲ್ಲ ಕಡೆ 7 ಅಡಿಗೇ ಇರುವುದರಿಂದ, ಏಳೂವರೆ ಅಡಿಯ ಲೆಕ್ಕಕ್ಕೆ ಹೊಲಿಸಿದ ಕರ್ಟನ್ ಮುಂದಿನ ಮನೆಗೂ ಆಗುತ್ತದೆ. ಅಗಲ ಕಡಿಮೆ ಬಿದ್ದರೆ ಜೋಡಿಸಲು ಅದೇ ಲಾಟ್‌ನ ಒಂದು ತುಂಡನ್ನು ಎತ್ತಿಟ್ಟುಕೊಂಡಿರಿ.

ಟೈಲರ್‌ಗೆ ಕೊಡುವಾಗ ಕೆಳಗಿನ ಮಡಿಕೆಯನ್ನು ಕಚ್ಚಾ ಹೊಲಿಗೆ ಮಾತ್ರ ಹಾಕಿಕೊಡಿ ಅಂತ ಹೇಳಿ. ಕರ್ಟನ್ ತೂಗುಹಾಕಿ ಒಂದು ವಾರ ಹಾಗೇ ಬಿಡಿ. ಕೈಮಗ್ಗದ ಹತ್ತಿ ತನ್ನ ಭಾರಕ್ಕೆ ಸ್ವಲ್ಪ ಇಳಿಯುತ್ತದೆ, ನೆಲವೂ ಎಲ್ಲ ರೂಮಿನಲ್ಲಿ ಒಂದೇ ಮಟ್ಟ ಇರುವುದಿಲ್ಲ. ವಾರ ಕಳೆದ ಮೇಲೆ ನೆಲದಿಂದ ಅರ್ಧ ಇಂಚು ಬಿಟ್ಟು ಪಿನ್ ಹಾಕಿ, ಇಳಿಸಿ, ಆಗ ಪಕ್ಕಾ ಹೊಲಿಗೆ ಹಾಕಿಸಿ. ಪ್ರತಿಯೊಂದರ ಹಿಂದೆ ಯಾವ ರೂಮು, ಯಾವ ಪಕ್ಕ ಅಂತ ಒಂದು ಚೀಟಿ ಹೊಲಿಸಿಬಿಟ್ಟರೆ ಒಗೆದು ಮತ್ತೆ ಹಾಕುವಾಗ ಅದಲುಬದಲಾಗುವುದಿಲ್ಲ.