ಮಗುವಿಗೆ ಬೇಕಿರುವುದು ಕರೆಯೋ, ಇಂಟರ್‌ನೆಟ್ಟೋ? ಫೋನ್ ಕೊಡುವ ಮೊದಲು

ಮೂರನೇ ನಾಲ್ಕನೇ ಕ್ಲಾಸಿನ ಮಗು ಫೋನಿಗೆ ಹಟ ಹಿಡಿದರೆ ಮನೆಯಲ್ಲಿ ಮಾತೆಲ್ಲ ವಯಸ್ಸಿನ ಸುತ್ತಲೇ ತಿರುಗುತ್ತದೆ. ಅದಕ್ಕಿಂತ ಮೊದಲು ಫೋನ್ ಯಾವ ಕೆಲಸಕ್ಕೆ ಬೇಕು ಎಂಬುದು ಇತ್ಯರ್ಥವಾಗಲಿ. (ಐದು ವರ್ಷದೊಳಗಿನವರ ವಿಷಯದಲ್ಲಿ ಈ ಪ್ರಶ್ನೆಯೇ ಇಲ್ಲ. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಪರದೆ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ.)

ಒಂದು ವಾರ ಬರೆದಿಡಿ: ಮಗು ದೊಡ್ಡವರಿಲ್ಲದೆ ಎಲ್ಲಿ, ಎಷ್ಟು ಹೊತ್ತು ಇತ್ತು, ಅಲ್ಲಿ ಬೇರೆಯವರ ಫೋನ್ ಸಿಗುತ್ತಿತ್ತೇ? ವ್ಯಾನಿನಲ್ಲಿ ಡ್ರೈವರ್ ಹತ್ತಿರ, ಟ್ಯೂಷನ್ನಿನಲ್ಲಿ ಮಿಸ್ ಹತ್ತಿರ, ಮನೆಯಲ್ಲಿ ಅಜ್ಜಿಯ ಹತ್ತಿರ ಫೋನ್ ಇದ್ದರೆ ಸದ್ಯಕ್ಕೆ ಮಗುವಿಗೆ ಬೇರೆ ಬೇಡ. ಅಪ್ಪ, ಅಮ್ಮ ಇಬ್ಬರ ನಂಬರನ್ನೂ ಬಾಯಿಪಾಠ ಮಾಡಿಸಿ. ತುರ್ತಿಗೆ 112, ಮಕ್ಕಳ ಸಹಾಯವಾಣಿ 1098 ಎಂಬುದೂ ಗೊತ್ತಿರಲಿ. ‘ಕ್ಲಾಸಲ್ಲಿ ಎಲ್ಲರ ಹತ್ರಾನೂ ಇದೆ’ ಎಂದರೆ ನಾಲ್ಕು ಮನೆಗೆ ಕೇಳಿ ನೋಡಿ. ಎಷ್ಟೋ ಸಲ ಅದು ಸಂಜೆ ಕೈಗೆ ಸಿಗುವ ಅಪ್ಪನ ಫೋನೇ ಆಗಿರುತ್ತದೆ.

ಶಾಲೆಯಿಂದ ಬಂದು ಒಬ್ಬರೇ ಬೀಗ ತೆಗೆಯುವ, ಬಸ್ಸಿನಲ್ಲಿ ಒಬ್ಬರೇ ಓಡಾಡುವ ಮಕ್ಕಳ ಮಾತು ಬೇರೆ. ಅವರಿಗೆ ಬೇಕಿರುವುದು ಕರೆ. ಅದಕ್ಕೆ ಕೀಪ್ಯಾಡ್ ಸೆಟ್ ಸಾಕು. ಕೊಳ್ಳುವಾಗ ಎರಡು ಕಡೆ ಎಡವುತ್ತಾರೆ. ಜಿಯೋಗೆ 2ಜಿ ಜಾಲವೇ ಇಲ್ಲ, ಹಾಗಾಗಿ ಅಗ್ಗದ 2ಜಿ ಸೆಟ್ಟಿಗೆ ಜಿಯೋ ಸಿಮ್ ಹಾಕಿದರೆ ಸಿಗ್ನಲ್ ಬರುವುದಿಲ್ಲ. 4ಜಿ ಕೀಪ್ಯಾಡ್ ಸೆಟ್ ಕೊಂಡರೆ ಕೆಲವದರಲ್ಲಿ ಯೂಟ್ಯೂಬ್ ಕೂಡ ಇರುತ್ತದೆ, ಅಂಗಡಿಯಲ್ಲೇ ಮೆನು ತೆರೆಸಿ ನೋಡಿ. ಡೇಟಾ ಇಲ್ಲದ, ಕರೆ ಮತ್ತು ಎಸ್ಸೆಮ್ಮೆಸ್ ಮಾತ್ರದ ಪ್ಯಾಕ್‌ಗಳು ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್‌ನ ನಿಯಮದಿಂದಾಗಿ 2025ರಿಂದ ಸಿಗುತ್ತಿವೆ. ಅಂಗಡಿಯವರು ತಾವಾಗಿ ಹೇಳದಿರಬಹುದು, ನೀವೇ ಕೇಳಿ. ಅವಧಿ ಮುಗಿಯುವ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಬೇಕಾದ ದಿನವೇ ಕರೆ ಹೋಗದಿದ್ದರೆ ಫೋನ್ ಇದ್ದೂ ಇಲ್ಲದ ಹಾಗೆ.

18 ತುಂಬದವರ ಹೆಸರಿಗೆ ಸಿಮ್ ಕೊಡುವುದಿಲ್ಲ, ನಿಮ್ಮ ಹೆಸರಿನಲ್ಲೇ ತೆಗೆಯಬೇಕು. ಬ್ಯಾಂಕಿಗೆ ಜೋಡಿಸಿದ ಹಳೇ ನಂಬರನ್ನು ಮಾತ್ರ ಕೊಡಬೇಡಿ, ಒಟಿಪಿ ಎಲ್ಲ ಮಗುವಿನ ಬ್ಯಾಗಿಗೆ ಹೋಗಿ ಬೀಳುತ್ತದೆ. ಶಾಲೆಗೆ ಫೋನ್ ತರಬಹುದೇ ಎಂದು ಮೊದಲೇ ವಿಚಾರಿಸಿ.

ಸ್ಮಾರ್ಟ್‌ಫೋನಿನ ಬೇಡಿಕೆ ಸಾಮಾನ್ಯವಾಗಿ ಹೋಮ್‌ವರ್ಕಿನ ನೆಪದಲ್ಲಿ ಬರುತ್ತದೆ. ಶಾಲೆಯ ವಾಟ್ಸಾಪ್ ಗುಂಪು ಇರುವುದು ನಿಮ್ಮ ನಂಬರಿನಲ್ಲಿ. ಅದನ್ನು ಮಗುವಿನ ಜೊತೆ ಕೂತು ನೋಡಿ, ಅಥವಾ ಪುಸ್ತಕಕ್ಕೆ ಬರೆದುಕೊಡಿ. ನಿಮ್ಮ ಫೋನ್ ಕೈಗೆ ಕೊಡಲೇಬೇಕಾದರೆ ಆಂಡ್ರಾಯ್ಡ್ ಸೆಟ್ಟಿಂಗ್ಸ್‌ನಲ್ಲಿ ‘ಆಪ್ ಪಿನ್ನಿಂಗ್’ ಹುಡುಕಿ, ಆನ್ ಮಾಡಿ, ಆಮೇಲೆ ಬೇಕಾದ ಆಪ್ ತೆರೆದು ಇತ್ತೀಚಿನ ಆಪ್‌ಗಳ ಪಟ್ಟಿಯಲ್ಲಿ ಅದನ್ನು ಪಿನ್ ಮಾಡಿ. ಹೊರಬರಲು ಪಿನ್ ಕೇಳುವಂತೆ ಇಟ್ಟರೆ ಮಗು ಆ ಒಂದು ಆಪ್ ಬಿಟ್ಟು ಬೇರೆಡೆ ಹೋಗಲಾಗದು.

ಹೆಚ್ಚು ತೊಂದರೆ ಕೊಡುವುದು ಮನೆಯಲ್ಲೇ ಉಳಿದ ಹಳೇ ಫೋನ್. ಸಿಮ್ ಇಲ್ಲವಲ್ಲ ಎಂದು ಕೊಟ್ಟುಬಿಡುತ್ತೇವೆ. ವೈಫೈ ಸಿಕ್ಕರೆ ಅದು ಪೂರ್ತಿ ಸ್ಮಾರ್ಟ್‌ಫೋನೇ. ಅಪ್ಪನ ಜಿಮೇಲ್ ಅದರಲ್ಲೇ ಉಳಿದಿದ್ದರೆ ಯೂಟ್ಯೂಬ್ ಮಗುವನ್ನು ದೊಡ್ಡವರೆಂದೇ ತಿಳಿದು ವಿಡಿಯೋ ತೋರಿಸುತ್ತದೆ, ಪ್ಲೇಸ್ಟೋರ್‌ನಲ್ಲಿ ಜೋಡಿಸಿದ ಕಾರ್ಡೂ ಹಾಗೇ ಇರುತ್ತದೆ. ಕೊಡುವ ಮೊದಲು ಖಾತೆ ತೆಗೆಯಿರಿ, ಫೋನ್ ರೀಸೆಟ್ ಮಾಡಿ, ಮಗುವಿನ ನಿಜವಾದ ಜನ್ಮದಿನಾಂಕ ಹಾಕಿ ಹೊಸ ಖಾತೆ ತೆರೆದು ಫ್ಯಾಮಿಲಿ ಲಿಂಕ್‌ಗೆ (ಮಗುವಿನ ಫೋನನ್ನು ನಿಮ್ಮ ಫೋನಿನಿಂದಲೇ ಹಿಡಿತದಲ್ಲಿಡುವ ಗೂಗಲ್ ಆಪ್) ಸೇರಿಸಿ. ವಯಸ್ಸು ಹೆಚ್ಚಿಸಿ ದೊಡ್ಡವರ ಖಾತೆ ಮಾಡಿದರೆ ನಿಮ್ಮ ಹಿಡಿತ ಅದಕ್ಕೆ ತಾಗುವುದಿಲ್ಲ. ದಿನದ ಮಿತಿ, ರಾತ್ರಿ ಬಂದ್ ಆಗುವ ಹೊತ್ತು, ಹೊಸ ಆಪ್‌ಗೆ ನಿಮ್ಮ ಒಪ್ಪಿಗೆ, ಈ ಮೂರನ್ನೂ ಮೊದಲ ದಿನವೇ ಹಾಕಿಡಿ; ಒಮ್ಮೆ ಸಡಿಲವಾಗಿ ಕೊಟ್ಟದ್ದನ್ನು ಆಮೇಲೆ ಬಿಗಿ ಮಾಡಹೋದರೆ ಜಗಳ. ಯೂಟ್ಯೂಬ್ ಆಪ್ ತಡೆದು ಬ್ರೌಸರ್ ಬಿಟ್ಟರೆ ಮಕ್ಕಳು ಅಲ್ಲಿಂದಲೇ ನೋಡುತ್ತಾರೆ. ಪಿನ್ ಒತ್ತುವಾಗ ಪಕ್ಕದಲ್ಲಿ ನೋಡುತ್ತಲೂ ಇರುತ್ತಾರೆ.

ಕೊಡುವಾಗಲೇ ಇದು ಒಂದು ತಿಂಗಳ ಮಟ್ಟಿಗೆ ಎಂದು ಹೇಳಿಬಿಡಿ. ರಾತ್ರಿ ಚಾರ್ಜಿಂಗ್ ಹಾಲ್‌ನಲ್ಲಿ, ನಿಮ್ಮ ಫೋನೂ ಅಲ್ಲೇ. ತಿಂಗಳ ಕೊನೆಗೆ ನಿದ್ದೆ, ಊಟ, ಆಟ ಮೊದಲಿನ ಹಾಗೆ ಇವೆಯೇ ನೋಡಿ. ಇಲ್ಲದಿದ್ದರೆ ವಾಪಸ್ ಪಡೆಯಿರಿ. ಎರಡು ಮೂರು ದಿನ ಅಳುವುದು ಇದ್ದದ್ದೇ. ಆದರೆ ವಾರಗಟ್ಟಲೆ ಊಟ ನಿದ್ದೆ ಬಿಟ್ಟು ರಂಪ ಮಾಡಿದರೆ ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್‌ನ ‘ಶಟ್’ ಕ್ಲಿನಿಕ್ (ಫೋನ್, ಇಂಟರ್‌ನೆಟ್ ಗೀಳಿಗೆ ಚಿಕಿತ್ಸೆ ಕೊಡುವ ವಿಭಾಗ) ಇರುವುದೇ ಇಂಥದ್ದಕ್ಕೆ. ದೂರದ ಊರಿನವರು ಮೊದಲು ಹತ್ತಿರದ ಮಕ್ಕಳ ವೈದ್ಯರನ್ನು ಕಾಣಬಹುದು.